ಇಂದಿನ ಧಮ್ಮ ಚಿಂತನೆ: ತಕ್ಕಡಿಗೆ ಎರಡು ತಟ್ಟೆ




ಇಂದಿನ ಓದು ಅಂಗುತ್ತರ ನಿಕಾಯದ ದೀಘಜಾಣು ಸುತ್ತ. ಕೋಲಿಯರ ನಾಡಿನ ದೀಘಜಾಣು ಎಂಬ ಗೃಹಸ್ಥ, ಮನೆ ಮಕ್ಕಳು ಹಣಕಾಸು ಎಂದು ಬದುಕುವ ನಮ್ಮಂಥವರಿಗೆ ಹಿತವಾಗುವ ಮಾತು ಹೇಳಿ ಎಂದು ಬುದ್ಧರನ್ನು ಕೇಳುತ್ತಾನೆ. ಅವರು ನಾಲ್ಕು ಸಂಗತಿ ಹೇಳುತ್ತಾರೆ: ದುಡಿಮೆ, ದುಡಿದದ್ದರ ರಕ್ಷಣೆ, ಒಳ್ಳೆಯವರ ಒಡನಾಟ, ಸಮಜೀವನ.

ಸಮಜೀವನಕ್ಕೆ ಅವರು ಕೊಡುವ ಹೋಲಿಕೆ ತಕ್ಕಡಿ ಹಿಡಿದವನದು. ಆದಾಯ ಎಷ್ಟು, ವೆಚ್ಚ ಎಷ್ಟು ಎಂದು ತಿಳಿದು ಬದುಕಬೇಕು. ಕಡಿಮೆ ಬರುವವನು ದುಂದು ಮಾಡಿದರೆ ಅತ್ತಿಹಣ್ಣು ತಿನ್ನುವವನಂತೆ, ಎಂದರೆ ತಿನ್ನುವುದಕ್ಕಿಂತ ಉದುರಿಸಿ ಹಾಳು ಮಾಡುವುದೇ ಹೆಚ್ಚು. ಇದನ್ನು ನಾವೆಲ್ಲ ನೆನಪಿಡುತ್ತೇವೆ. ಆದರೆ ಅದೇ ಸುತ್ತದಲ್ಲಿ ಎರಡನೆಯ ತಪ್ಪೂ ಇದೆ: ಇದ್ದೂ ಇಲ್ಲದವನಂತೆ ತನ್ನನ್ನು ಸವೆಸಿಕೊಳ್ಳುವುದು. ಒಂಟಿಯಾಗಿರುವ ಹಿರಿಯರಲ್ಲಿ ನಾನು ಹೆಚ್ಚು ಕಂಡಿರುವುದು ಈ ಎರಡನೆಯದನ್ನೇ.

ನಮ್ಮ ಬೀದಿಯಲ್ಲಿ ಒಬ್ಬ ಅಮ್ಮ ಇದ್ದಾರೆ. ಗಂಡ ತೀರಿಕೊಂಡ ಮೇಲೆ ಒಬ್ಬರೇ. ಕುಟುಂಬ ಪಿಂಚಣಿ 13,500 ರೂಪಾಯಿ. ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದರು. ಯಾಕಮ್ಮಾ ಎಂದರೆ, "ದಿನಾ ತಗೊಂಡ್ರೆ ಹದಿನೈದು ದಿನಕ್ಕೇ ಮುಗೀತದೆ ಮೇಷ್ಟ್ರೇ, ಹಿಂಗಾದ್ರೆ ತಿಂಗಳು ಪೂರ್ತಿ ಬರ್ತದೆ" ಅಂದರು.

ಒಂದು ನೋಟ್‌ಬುಕ್ಕಿನಲ್ಲಿ ಇಬ್ಬರೂ ಕೂತು ಬರೆದೆವು. ಬಾಡಿಗೆ 4,500. ದಿನಸಿ, ಹಾಲು, ತರಕಾರಿ 3,500. ಕರೆಂಟು, ಗ್ಯಾಸ್, ಫೋನು 1,500. ಔಷಧಿ ಪೂರ್ತಿ ತಂದರೆ 1,800. ಮೊಮ್ಮಗಳ ಹೆಸರಿಗೆ ತೆಗೆದಿಡುವುದು 3,000. ಒಟ್ಟು 14,300. ಕೊರತೆ 800. ಆ ಕೊರತೆಯನ್ನು ಅವರು ಮಾತ್ರೆಯಲ್ಲಿ ತುಂಬಿಸಿಕೊಳ್ಳುತ್ತಿದ್ದರು. ಮೊಮ್ಮಗಳ ಪಾಲಿಗೆ ಕೈ ಹಚ್ಚಿರಲಿಲ್ಲ.

ಗಮನಿಸಿ, ಇಲ್ಲಿ ದುಂದು ಎಲ್ಲಿಯೂ ಇಲ್ಲ. ಮನೆಯಲ್ಲಿ ಒಬ್ಬರೇ ಉಳಿದರೆಂದು ಬಾಡಿಗೆ ಅರ್ಧವಾಗುವುದಿಲ್ಲ. ಒಬ್ಬರಿಗೆ ಅಡುಗೆ ಮಾಡಿದರೂ ಒಲೆ ಹಚ್ಚಲೇಬೇಕು. ಇದನ್ನು ತಿಳಿಯದೆ "ಒಬ್ಬರಿಗೆ ಎಷ್ಟು ಬೇಕು?" ಎನ್ನುವುದು ಸರಿಯಲ್ಲ.

ವೈದ್ಯರನ್ನು ಕೇಳಿ, ಅದೇ ಔಷಧಿಯನ್ನು ಜನೌಷಧಿ ಕೇಂದ್ರದಲ್ಲಿ ತಂದೆವು. ಅವರ ಚೀಟಿಯ ಔಷಧಿಗೆ 700 ಆಯಿತು. ಮೊಮ್ಮಗಳ ಪಾಲು 2,000ಕ್ಕೆ ಇಳಿಯಿತು. ಒಂದು ಕಟ್ಟು ಸೊಪ್ಪು, ಒಂದು ತೆಂಗಿನಕಾಯಿ ಒಬ್ಬರಿಗೆ ಹೆಚ್ಚಾಗಿ ಬಾಡುತ್ತಿದ್ದವು. ಈಗ ಪಕ್ಕದ ಮನೆಯವರೊಂದಿಗೆ ಹಂಚಿಕೊಳ್ಳುತ್ತಾರೆ. ತಪಾಸಣೆಗೆ ಜಿಲ್ಲಾ ಆಸ್ಪತ್ರೆಗೆ ಹೋಗಲು ಬಸ್ಸಿನ ಖರ್ಚಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಈಗ ವೆಚ್ಚ 12,200. ಉಳಿಯುವ 1,300 ಆಪತ್ತಿಗೆ.

ಆಪತ್ತಿಗೆಂದು ಒಂದು ಪಾಲು ತೆಗೆದಿಡಬೇಕೆಂದು ಸಿಗಾಲೋವಾದ ಸುತ್ತವೂ ಹೇಳುತ್ತದೆ. ರಕ್ಷಣೆಯ ಮಾತಿನಲ್ಲಿ ಬುದ್ಧರು ಕಳ್ಳರು, ಬೆಂಕಿ, ನೀರಿನ ಜೊತೆಗೆ ಪ್ರೀತಿಯಿಲ್ಲದ ವಾರಸುದಾರರನ್ನೂ ಹೆಸರಿಸಿದ್ದಾರೆ. ಇಂದಿನ ಕಳ್ಳರು ಫೋನಿನಲ್ಲಿ ಬರುತ್ತಾರೆ. ಒಟಿಪಿ ಯಾರಿಗೂ ಹೇಳಬೇಡಿ. ಮೋಸವಾದರೆ ಕೂಡಲೇ 1930ಕ್ಕೆ ಕರೆ ಮಾಡಿ. ಮನೆಯನ್ನು ಬರೆದುಕೊಡುವ ಮುನ್ನ, ನಿಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತು ಪತ್ರದಲ್ಲಿರಲಿ. ಷರತ್ತು ಮುರಿದರೆ ಆ ವರ್ಗಾವಣೆಯನ್ನು ರದ್ದು ಮಾಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಅವಕಾಶವಿದೆ.

ತನ್ನ ಮಾತ್ರೆ, ತನ್ನ ಊಟ ಬಿಟ್ಟು ಕೂಡಿಡುವುದನ್ನು ನಾವು ತ್ಯಾಗವೆಂದು ಹೊಗಳುತ್ತೇವೆ. ಮೆತ್ತಾ ಎಲ್ಲ ಜೀವಿಗಳಿಗೂ ಸಲ್ಲಬೇಕಾದದ್ದು. ಆ ಎಲ್ಲರಲ್ಲಿ ನಾವೂ ಒಬ್ಬರು.

ಇಂದಿನ ಅಭ್ಯಾಸ: ಒಂಟಿಯಾಗಿರುವ ಹಿರಿಯರು ಈ ತಿಂಗಳ ಜಮಾ ಖರ್ಚು ಬರೆಯಿರಿ; ಔಷಧಿಯನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಉಳಿದವರು ಅಂಥ ಒಬ್ಬರ ಮನೆಗೆ ಹೋಗಿ, "ಮಾತ್ರೆ ದಿನಾ ತಗೋತಿದ್ದೀರಾ?" ಎಂದು ಕೇಳಿ.

ಎಲ್ಲರಿಗೂ ಒಳಿತಾಗಲಿ. 🙏