ಉಕ್ಕನ್ನು ತಿನ್ನುವ ತುಕ್ಕು

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಿಂದಲೂ ಕಾವೇರಿಯ ನೀರು ಉಕ್ಕಿನ ಕೊಳವೆಗಳಲ್ಲಿ ಧುಮುಕಿ ವಿದ್ಯುಚ್ಛಕ್ತಿಯನ್ನು ಒದಗಿಸುತ್ತಿದೆ. 100 ಮೀಟರು ಎತ್ತರದ ನೀರು ಕೊಳವೆಯ ಬುಡದಲ್ಲಿ ವಾಯುಭಾರದ ಸುಮಾರು 10ರಷ್ಟು ಒತ್ತಡವನ್ನು ಹೇರುತ್ತದೆ. ಮುರುಡೇಶ್ವರದಾಚೆಯ ನೇತ್ರಾಣಿಯಂಥ ಕಡೆ ಸಮುದ್ರಕ್ಕಿಳಿಯುವ ಮುಳುಗುಗಾರರು ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರಿನಲ್ಲಾದರೋ ಗಾಳಿಯ ಒತ್ತಡ ಸುಮಾರು 200ರಷ್ಟು. ಸಿಲಿಂಡರು ಉಕ್ಕಿನದಾದರೆ, ಗೋಡೆಯನ್ನು ತೆಳುವಾಗಿಸುವ ತುಕ್ಕು ಪ್ರಾಣಕ್ಕೇ ಸಂಚಕಾರ.

ಕಬ್ಬಿಣ, ನೀರು, ಆಮ್ಲಜನಕ ಈ ಮೂರೂ ಕೂಡಿದಲ್ಲಿ ತುಕ್ಕು ಹುಟ್ಟುತ್ತದೆ. ಉಪ್ಪು ಬೆರೆತರೆ ನೀರಿನ ವಿದ್ಯುದ್ವಾಹಕತೆ ಹೆಚ್ಚಿ ಕ್ರಿಯೆಯು ತ್ವರೆಗೊಳ್ಳುತ್ತದೆ. ಗಾಳಿಯನ್ನು 200 ಪಟ್ಟು ಒತ್ತಿದಾಗ, ಒಳಗೆ ಸೇರಿದ ಹನಿ ನೀರಿನಲ್ಲಿ ಕರಗುವ ಆಮ್ಲಜನಕವೂ ಸರಿಸುಮಾರು ಅಷ್ಟೇ ಪಟ್ಟು ಹೆಚ್ಚುವುದು. ಅಷ್ಟೇ ಅಲ್ಲ, ತುಕ್ಕು ಆಮ್ಲಜನಕವನ್ನು ಹೀರಿ, ಬಹುಕಾಲ ಇಟ್ಟ ಗಾಳಿಯನ್ನು ಉಸಿರಾಟಕ್ಕೆ ಅಯೋಗ್ಯಗೊಳಿಸಲೂಬಹುದು.

ಇದಕ್ಕೆ ಪರಿಹಾರವೇನು? ಹೊರಮೈಗೆ ಸತುವಿನ ಲೇಪ. ಗೀಚು ಬಿದ್ದರೂ ಸತುವು ಮೊದಲು ತಾನು ಸವೆದು ಉಕ್ಕನ್ನು ಕಾಯುತ್ತದೆ. ಒಳಮೈಗೆ ಒಣಗಾಳಿಯೇ ಔಷಧ. ಸಿಲಿಂಡರನ್ನು ಪೂರ್ತಿ ಬರಿದುಮಾಡದೆ ಕೊಂಚ ಒತ್ತಡವನ್ನು ಉಳಿಸಿದರೆ ಹೊರಗಿನ ನೀರು ಒಳನುಗ್ಗದು. ಕಾಲಕಾಲಕ್ಕೆ ಒಳಮೈಯನ್ನು ನೋಡಿ, ನೀರು ತುಂಬಿ ಹೆಚ್ಚಿನ ಒತ್ತಡದಲ್ಲಿ ಪರೀಕ್ಷಿಸುತ್ತಾರೆ. ನೀರು ಗಾಳಿಯಂತೆ ಕುಗ್ಗದು. ಆದುದರಿಂದ ಸಿಲಿಂಡರು ಬಿರಿದರೂ ಗಾಳಿ ತುಂಬಿದ ಸಿಲಿಂಡರಿನಂತೆ ಸಿಡಿಯದು.

ಮಂಡ್ಯ, ಮದ್ದೂರುಗಳ ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಮೂರು ಹೊಸ ಮೊಳೆಗಳಲ್ಲಿ ಒಂದನ್ನು ನಾಲೆಯ ನೀರಿನಲ್ಲಿ, ಒಂದನ್ನು ಉಪ್ಪುನೀರಿನಲ್ಲಿ, ಮತ್ತೊಂದನ್ನು ಕುದಿಸಿ ಆರಿಸಿ ಎಣ್ಣೆ ತೇಲಿಸಿದ ನೀರಿನಲ್ಲಿ ವಾರಕಾಲ ಇಡೋಣ. ಯಾವುದು ಹೊಳಪನ್ನು ಉಳಿಸಿಕೊಂಡಿತು, ಏಕೆ ಎಂಬುದನ್ನು ಆಗ ನಾವೇ ಹೇಳಬಲ್ಲೆವು.