ಕೇಳಿದ್ದೆಲ್ಲಾ ಖರೇನಾ?

ಜಹೀರಾಬಾದಿನಿಂದ ಬೀದರಿಗೆ ಹೋಗುವ ದಾರಿ ನಮಗೆಲ್ಲಾ ಗೊತ್ತು. ಆ ಬೀದರ ಜಿಲ್ಲೆಯಲ್ಲಿ ಮುರ್ಕಿ ಎಂಬ ಊರಿದೆ.

2018ರ ಜುಲೈ 13. ಹೈದರಾಬಾದಿನಿಂದ ಕೆಲವು ಗೆಳೆಯರು ಕಾರಿನಲ್ಲಿ ಆ ಕಡೆ ಬಂದಿದ್ದರು. ಒಂದು ಊರಲ್ಲಿ ನಿಂತು ಮಕ್ಕಳಿಗೆ ಚಾಕಲೇಟು ಕೊಟ್ಟರು. "ಇವರು ಮಕ್ಕಳ ಕಳ್ಳರು" ಎಂದು ಗುಲ್ಲೆದ್ದಿತು. ಆ ಮಾತು ವಾಟ್ಸಾಪಿನಲ್ಲಿ ಹರಡಿತು. ಗೆಳೆಯರು ಹೆದರಿ ಕಾರು ಓಡಿಸಿದರು. ಕಾರಿಗಿಂತ ಮುಂಚೆ ಸುಳ್ಳು ಮುರ್ಕಿ ಮುಟ್ಟಿತ್ತು. ಜನ ದಾರಿಗೆ ಅಡ್ಡ ಕಟ್ಟಿದರು, ಹೊಡೆದರು. ಒಬ್ಬ ಸತ್ತುಹೋದ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಯಾವ ಮಗುವೂ ಕಳುವಾಗಿರಲಿಲ್ಲ.

ಈಗ ಫೋನಿನಲ್ಲಿ ಓದುವುದಕ್ಕಿಂತ ಕೇಳುವುದೇ ಜಾಸ್ತಿ. ಧ್ವನಿ ಸಂದೇಶ ಬರುತ್ತದೆ, ಪಾಡ್‌ಕಾಸ್ಟ್ ಬರುತ್ತದೆ. ದನಿ ಗಟ್ಟಿ ಇದ್ದರೆ ಮಾತು ಖರೆ ಅನಿಸುತ್ತದೆ. ಆದರೂ ಕೇಳಿರಿ: ಹೇಳಿದವರು ಯಾರು? ಅವರು ಕಣ್ಣಾರೆ ಕಂಡರಾ? ಯಾವ ಊರು, ಯಾವ ದಿನ? ಉತ್ತರ ಸಿಗದಿದ್ದರೆ ಮುಂದೆ ಕಳಿಸಬೇಡಿರಿ. ಯಾರ ಮೇಲಾದರೂ ಅನುಮಾನ ಬಂದರೆ 112ಕ್ಕೆ ಫೋನು ಮಾಡಿರಿ. ಕೈ ಎತ್ತಬೇಡಿರಿ.

ಉತ್ತರ ಬರೆಯಿರಿ:
1. ಸುಳ್ಳು ಮುರ್ಕಿಗೆ ಹೇಗೆ ಮುಟ್ಟಿತು?
2. ನಿಮ್ಮ ಫೋನಿಗೆ ಬಂದ ಒಂದು ಸುದ್ದಿ ಹೇಳಿರಿ. ಅದನ್ನು ಕಣ್ಣಾರೆ ಕಂಡವರು ಯಾರು?