ಬ್ಯಾಸಗಿ ಮಧ್ಯಾಹ್ನದ ಕೌದಿ



ಏಪ್ರಿಲ್, ಮೇ ತಿಂಗಳ ಬಿಸಿಲು ನಮಗೆ ಹೊಸದಲ್ಲ. ಜಮಖಂಡಿ ಇರಲಿ, ಮುಧೋಳ ಇರಲಿ, ಬೀಳಗಿ ಇರಲಿ, ರಬಕವಿ-ಬನಹಟ್ಟಿ ಇರಲಿ. ಮಧ್ಯಾಹ್ನ 12 ಆಯಿತೆಂದರೆ ಓಣಿಯಲ್ಲಿ ನಾಯಿ ಕೂಡ ಕಾಣೋದಿಲ್ಲ. ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಆಗ ಮನೆಯ ಹಿರಿಯರು ಎಲ್ಲಿರುತ್ತಾರೆ? ಪಡಸಾಲೆಯಲ್ಲಿ, ಗೋಡೆಗೆ ಆತು ಕೂತಿರುತ್ತಾರೆ.

ಮೊದಲು ಅದೇ ಹೊತ್ತಿನಲ್ಲಿ, ಅದೇ ಪಡಸಾಲೆಯಲ್ಲಿ ಕೌದಿ ಹಾಸುತ್ತಿದ್ದರು. ನಾಲ್ಕು ಮಂದಿ ಹೆಣ್ಣುಮಕ್ಕಳು ನಾಲ್ಕು ಕಡೆ ಕೂತು ಹೊಲಿಯುತ್ತಿದ್ದರು. ಮಳೆಗಾಲ ಬರುವುದರೊಳಗೆ ಕೌದಿ ಮುಗಿಯಬೇಕು. ಈಗ ಪೇಟೆಯಿಂದ ಚಾದರ, ಬ್ಲಾಂಕೆಟ್ ಬಂದಿವೆ. ಅವಕ್ಕೆ ನಾವು ಬೈಯುವುದಿಲ್ಲ, ನಮ್ಮ ಮನೆಯಲ್ಲೂ ಇವೆ. ಆದರೆ ಕೌದಿ ಹೊಲಿಯುತ್ತಿದ್ದ ಕೈಗಳು ಸುಮ್ಮನೆ ಕೂತುಬಿಟ್ಟವು.

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಆಯಿ ಸೊಸೆಯ ಜೊತೆ ಬರುತ್ತಿದ್ದರು. ಸೊಸೆ ಅಕ್ಷರ ತಿದ್ದುತ್ತಿದ್ದಳು. ಆಯಿ ಪುಸ್ತಕ ಮುಟ್ಟುತ್ತಿರಲಿಲ್ಲ. ಅವರಿಗೆ ಓದಿನಲ್ಲಿ ಮನಸ್ಸಿಲ್ಲ ಅಂತ ನಾವು ತಿಳಿದೆವು. “ವಯಸ್ಸಾಯ್ತು ಆಯಿ, ನೀವು ಆರಾಮ ಕೂಡ್ರಿ” ಅಂದುಬಿಟ್ಟೆವು. ಅದು ನಮ್ಮ ತಪ್ಪು.

ಒಂದು ದಿನ ಆಯಿ ಹೇಳಿದರು: “ಆರಾಮ ಕೂತು ಕೂತು ಸಾಕಾಗೇತ್ರೀ ಅಕ್ಕೋರ. ಕೌದಿ ಅರ್ಧಕ್ಕ ನಿಂತೈತಿ. ಕಣ್ಣಾಗ ಮಂಜು ಕವಿದಂಗ ಆಗೇತಿ. ಸೂಜಿ ಪೋಣಿಸಾಕ ಬರವಲ್ದು.”

ಆ ಕೌದಿ ನೋಡಲು ನಾವು ಅವರ ಮನೆಗೆ ಹೋದೆವು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಹೊಳೆ ಉಕ್ಕಿದ್ದು ನಿಮಗೆ ನೆನಪಿದೆ. ಅವರ ಮನೆಗೂ ನೀರು ಹೊಕ್ಕಿತ್ತು. ಮನೆ ಬಿಡುವಾಗ ಆಯಿ ಹೊತ್ತು ತಂದದ್ದು ಹಳೆ ಸೀರೆಗಳ ಒಂದು ಗಂಟು. ಅದರಲ್ಲಿ ತೀರಿಹೋದ ಮಗಳ ಸೀರೆಯೂ ಇತ್ತು. ಆ ಗಂಟಿನಿಂದಲೇ ಕೌದಿ ಹಚ್ಚಿದ್ದರು. ಮೊಮ್ಮಗಳ ಮದುವೆಗೆ ಕೊಡಬೇಕು ಅಂತ ಆಸೆ. ಕೌದಿ ಟ್ರಂಕಿನಲ್ಲಿ ಮಡಚಿಟ್ಟು ಎರಡು ಬ್ಯಾಸಗಿ ಕಳೆದಿದ್ದವು.

ಅಕ್ಕಂದಿರೇ, ಇಲ್ಲಿ ಸ್ವಲ್ಪ ನಿಲ್ಲಿ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಸರಿಯಾಗಿ ಕಾಣೋದಿಲ್ಲ. ಅದಕ್ಕೆ ಚಾಳೀಸು ಹಾಕಿಕೊಂಡರೆ ಸಾಕು. ಆದರೆ ಮಂಜು ಕವಿದಂತೆ ಕಂಡರೆ, ದೀಪದ ಸುತ್ತ ಬಳೆಯಂತೆ ಬೆಳಕು ಕಂಡರೆ ಅದು ಪೊರೆ ಇರಬಹುದು. ಮೋತಿಬಿಂದು ಅಂತಾರಲ್ಲ, ಅದು. ಕಣ್ಣಿನೊಳಗಿನ ಮಸೂರ ಮಬ್ಬಾಗಿರುತ್ತದೆ. ಅದನ್ನು ತೆಗೆದು ಬೇರೆ ಮಸೂರ ಕೂಡಿಸುತ್ತಾರೆ. ಸರಕಾರಿ ಆಸ್ಪತ್ರೆಯಲ್ಲಿ ಇದು ಪುಕ್ಕಟೆ. “ಪೊರೆ ಹಣ್ಣಾಗಲಿ, ಆಮೇಲೆ ನೋಡೋಣ” ಅಂತ ಕೆಲವರು ಹೇಳುತ್ತಾರೆ. ಈಗ ಹಾಗೆ ಕಾಯುವುದು ಬೇಕಿಲ್ಲ. ಕೆಲಸಕ್ಕೆ ತೊಂದರೆ ಆದ ಕೂಡಲೇ ತೋರಿಸಬೇಕು.

ಆಯಿಗೆ ಒಂದು ಕಣ್ಣಿನ ಆಪರೇಶನ್ ಆಯಿತು. ಡಾಕ್ಟರು ಹೇಳಿದಷ್ಟು ದಿನ ಹೊಗೆ, ಧೂಳಿನಿಂದ ದೂರ ಇದ್ದರು. ಮುಂದಿನ ಬ್ಯಾಸಗಿಗೆ ಕೌದಿ ಟ್ರಂಕಿನಿಂದ ಹೊರಗೆ ಬಂತು. ಆಗ ನಾವು ಕಲಿಯುವವರಾದೆವು, ಆಯಿ ಕಲಿಸುವವರಾದರು.

ಆಯಿ ಕಲಿಸಿದ್ದು ಹೀಗೆ. ಹತ್ತಿಯ ಅರಿವಿಯನ್ನೇ ಆರಿಸಿ. ಹಳೆ ಸೀರೆ, ಧೋತರ ಒಳ್ಳೆಯದು. ನೈಲಾನ್ ಜಾರುತ್ತದೆ, ಬೆವರು ಹೀರುವುದಿಲ್ಲ. ತೊಳೆದು ಒಣಗಿಸಿ, ಜಿಗಿದು ನೋಡಿ. ಹರಿಯುವ ಅರಿವಿ ಒಳಗೆ ಹೋಗಲಿ, ಗಟ್ಟಿ ಇರುವುದು ಮೇಲೆ ಬರಲಿ. ಕೌದಿಗೆ 4 ಮೊಳ ಅಗಲ, 5 ಮೊಳ ಉದ್ದ ಸಾಕು. ಒಂದು ಮೊಳ ಅಂದರೆ ಒಂದೂವರೆ ಅಡಿ. ಹಾಗಾದರೆ ಅಗಲ 6 ಅಡಿ, ಉದ್ದ ಏಳೂವರೆ ಅಡಿ.

ಮೊದಲು ಅಡಿಪದರ ಹಾಸಿ. ನಡುವೆ ಜೀರ್ಣವಾದ ಅರಿವಿ ಒಂದರ ಮೇಲೆ ಒಂದು ಹರಡಿ. ಮೇಲೆ ಬಣ್ಣದ ತುಂಡು ಜೋಡಿಸಿ. ಅಂಚು ಒಳಗೆ ಮಡಚಿ, ಅಂಚಿನಿಂದಲೇ ಹೊಲಿಗೆ ಹಿಡಿಯಿರಿ. ಸುತ್ತ ಹಾಕುತ್ತ ಹಾಕುತ್ತ ನಡುವಿಗೆ ಬರಬೇಕು. ಸಾಲಿಗೂ ಸಾಲಿಗೂ ನಡುವೆ ಒಂದು ಬೆರಳು ಅಂತರ. ದಾರ ಬಿಗಿಯಾಗಿ ಎಳೆದರೆ ಕೌದಿ ಸುಕ್ಕಾಗುತ್ತದೆ. ನಾವು ಹೊಲಿದ ಮೊದಲ ಮೂರು ಸಾಲು ಹಾಗೇ ಆಗಿತ್ತು. ಆಯಿ ಏನೂ ಅನ್ನಲಿಲ್ಲ, ಮೂರೂ ಸಾಲು ಬಿಚ್ಚಿದರು.

ಬೆರಳು ಬಿಗಿಯುವವರು, ನಡ ನೋಯುವವರು ದೊಡ್ಡ ಕೌದಿ ಹಿಡಿಯಬೇಡಿ. ಕೂಸಿನ ಕೌದಿ ಮಾಡಿ. 2 ಮೊಳ ಸಾಕು, ತೊಡೆಯ ಮೇಲೆ ಇಟ್ಟುಕೊಂಡೇ ಹೊಲಿಯಬಹುದು. ಹತ್ತಾರು ಸೂಜಿಗೆ ಬೆಳಿಗ್ಗೆಯೇ ಮಕ್ಕಳಿಂದ ದಾರ ಪೋಣಿಸಿ ಇಟ್ಟುಕೊಳ್ಳಿ. ಬಾಗಿಲ ಬೆಳಕಿಗೆ ಕೂಡಿ. ಅರ್ಧ ತಾಸಿಗೊಮ್ಮೆ ಎದ್ದು ಓಡಾಡಿ.

ತಗಡಿನ ಮನೆಯಲ್ಲಿ ಮಾತ್ರ ಮಧ್ಯಾಹ್ನ ಕೂಡಬೇಡಿ, ನೆರೆಮನೆಯ ತಂಪಿಗೆ ಹೋಗಿ. ವಯಸ್ಸಾದವರಿಗೆ ನೀರಡಿಕೆ ಬೇಗ ಗೊತ್ತಾಗೋದಿಲ್ಲ. ಅದಕ್ಕೇ ಕೇಳುವ ಮೊದಲೇ ನೀರು, ಮಜ್ಜಿಗೆ, ಅಂಬಲಿ ಕೊಡಿ. ಮೈ ಸುಡುತ್ತಿದ್ದರೆ, ಮಾತು ತೊದಲಿದರೆ ತಣ್ಣೀರಿನ ಅರಿವಿಯಿಂದ ಮೈ ಒರೆಸಿ, ಗಾಳಿ ಹಾಕಿ, 108ಕ್ಕೆ ಫೋನ್ ಮಾಡಿ.

ರಬಕವಿ-ಬನಹಟ್ಟಿಯ ನೇಕಾರ ಮನೆಗಳಲ್ಲಿ ಹಿರಿಯ ಹೆಣ್ಣುಮಕ್ಕಳು ಕಂಡಿಕೆ ಸುತ್ತುತ್ತಾರೆ. ಅದಕ್ಕೆ ಕೂಲಿ ಉಂಟು. ಕೌದಿಗೆ ಕೂಲಿ ಯಾರು ಕೊಟ್ಟರು? ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಸಿದ್ದಿ ಜನ ಇದ್ದಾರೆ. ಅವರ ಹೆಣ್ಣುಮಕ್ಕಳೂ ಹಳೆ ಅರಿವಿಯಿಂದ ಕೌದಿ ಹೊಲಿಯುತ್ತಾರೆ, ಕವಂದಿ ಅನ್ನುತ್ತಾರೆ. 2011ರಲ್ಲಿ ಆ ಕೌದಿಗಳನ್ನು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು. ಜನ ಬಂದು ನೋಡಿದರು.

ನಿಮ್ಮ ಕೌದಿಯನ್ನು ಯಾರಾದರೂ ಕೊಳ್ಳಲು ಬಂದರೆ ಮೊದಲು ಲೆಕ್ಕ ಬರೆಯಿರಿ. ದಿನಕ್ಕೆ 3 ತಾಸಿನಂತೆ 20 ದಿನ ಹೊಲಿದಿರಿ ಅಂದುಕೊಳ್ಳಿ. ಒಟ್ಟು 60 ತಾಸು. ದಾರಕ್ಕೆ 60 ರೂಪಾಯಿ ಖರ್ಚು. ಕೊಳ್ಳುವವರು 600 ರೂಪಾಯಿ ಕೊಡುತ್ತೇವೆ ಅಂದರು. ದಾರದ ಖರ್ಚು ಕಳೆದರೆ 540 ಉಳಿಯಿತು. ತಾಸಿಗೆ ಎಷ್ಟು ಬಿತ್ತು? 9 ರೂಪಾಯಿ. ಈ ಬೆಲೆಗೆ ಕೊಡಬೇಕೋ ಬೇಡವೋ, ಗುಂಪಿನಲ್ಲಿ ಮಾತಾಡಿ.

ಆಯಿಯ ಕೌದಿ ಮಾರಾಟಕ್ಕಲ್ಲ. ಅದು ಮುಗಿದ ದಿನ ಅವರು ಒಂದೊಂದು ತುಂಡಿನ ಮೇಲೆ ಬೆರಳಿಟ್ಟು ಹೇಳುತ್ತ ಹೋದರು. ಸೊಸೆ ಪಾಟಿ ಬದಿಗಿಟ್ಟು ನೋಟುಬುಕ್ಕಿನಲ್ಲಿ ಬರೆದಳು. ಅವಳು ಬರೆದ ಮೊದಲ ಪೂರ್ತಿ ಪುಟ ಅದು:

ಕೆಂಪು ದಡಿ, ಇಳಕಲ್ ಸೀರೆ. ಆಯಿಯ ಅವ್ವನದು.
ಬಿಳಿ ಧೋತರ. ಮುತ್ಯಾನದು.
ಹಸಿರು ಸೀರೆ. ಮಗಳದು.

ಮೂರನೆಯ ಸಾಲನ್ನು ಆಯಿ ಇನ್ನೊಮ್ಮೆ ಓದಿಸಿದರು. ಆಮೇಲೆ ಪುಸ್ತಕ ತಾವೇ ಕೈಗೆ ತೆಗೆದುಕೊಂಡರು. “ಇದರಾಗ ‘ಮಗಳು’ ಅನ್ನೂದು ಯಾವುದು, ತೋರಸ್ರಿ” ಅಂದರು.

ಈಗ ನೀವು ಬರೆಯಿರಿ. ಮನೆಯ ಕೌದಿ ಹಾಸಿ, ಹಿರಿಯರನ್ನು ಕೇಳಿ, ಖಾಲಿ ಜಾಗ ತುಂಬಿರಿ.

ಕೌದಿ ಹೊಲಿದವರು: ................
ಬಣ್ಣ: ............ ಯಾರ ಸೀರೆ: ............
ಬಣ್ಣ: ............ ಯಾರ ಸೀರೆ: ............